ಕೇಳುವ ಮೊದಲು ಮುಗಿಸಬೇಕಾದ ಅರ್ಧ ಕೆಲಸ

ನೀವು ಕೇಳಿದ್ದು ಇಷ್ಟು: ಹೊರದೇಶಕ್ಕೆ ಬಂದು ಎರಡು ತಿಂಗಳಾಯಿತು, ನೆಟ್‌ವರ್ಕ್ ಎಂಜಿನಿಯರ್ ಕೆಲಸ. ತಂಡದಲ್ಲಿ ಎಲ್ಲರೂ ತಮ್ಮ ಪಾಡಿಗೆ ತಾವಿರುತ್ತಾರೆ, ಕೇಳಿದರೆ ಕೆಲಸ ಬಾರದವನು ಅಂದುಕೊಂಡಾರು ಎಂಬ ಅಳುಕು. ಆನ್‌ಲೈನ್‌ನಲ್ಲಿ ಕೇಳಿದರೆ ‘ಮೊದಲು ಓದಿಕೊಂಡು ಬನ್ನಿ’ ಅನ್ನುತ್ತಾರೆ. ಹಾಗಾದರೆ ಇಲ್ಲಿ ಎಲ್ಲವನ್ನೂ ಒಬ್ಬರೇ ನಿಭಾಯಿಸಬೇಕೇ?

ಬೇಕಿಲ್ಲ. ಯಾವಾಗ ಕೇಳುತ್ತೀರಿ, ಏನನ್ನು ಕೈಯಲ್ಲಿಟ್ಟುಕೊಂಡು ಕೇಳುತ್ತೀರಿ ಎಂಬುದನ್ನು ನೋಡಿ ಇಲ್ಲಿ ನಿಮ್ಮನ್ನು ಅಳೆಯುತ್ತಾರೆ. ಕೇಳಿದಿರಿ ಎನ್ನುವ ಒಂದೇ ಕಾರಣಕ್ಕೆ ಯಾರೂ ಕೀಳಾಗಿ ನೋಡುವುದಿಲ್ಲ.

ಮೊದಲು ಎರಡು ಸಂದರ್ಭಗಳನ್ನು ಬೇರೆ ಮಾಡಿಕೊಳ್ಳಿ. ಬಳಕೆದಾರರ ಕೆಲಸ ನಿಂತುಹೋಗಿದ್ದರೆ ಒಬ್ಬರೇ ಹುಡುಕಾಡಲು 15 ನಿಮಿಷ ಸಾಕು, ಇದು ನನ್ನ ಲೆಕ್ಕ. ಅಷ್ಟರೊಳಗೆ ಕಾರಣ ಸಿಗದಿದ್ದರೆ ಆನ್‌ಕಾಲ್‌ನಲ್ಲಿರುವ ಹಿರಿಯರಿಗೆ ತಿಳಿಸಿ. ತಂಡದ ಚಾಟ್‌ನಲ್ಲೇ ಬರೆಯಿರಿ, ಒಬ್ಬರಿಗೆ ಖಾಸಗಿಯಾಗಿ ಕಳಿಸಿದರೆ ಅವರು ಎದ್ದು ನೋಡುವವರೆಗೂ ಕಾಯಬೇಕಾಗುತ್ತದೆ. ಲ್ಯಾಬ್ ಅಥವಾ ಕಲಿಕೆಯ ವಿಷಯವಾದರೆ ಒಂದೆರಡು ಗಂಟೆ ನೀವೇ ಒದ್ದಾಡಿ. ಜಿಎನ್‌ಎಸ್3 ಅಥವಾ ಈವ್-ಎನ್‌ಜಿಯಲ್ಲಿ (ಕಂಪ್ಯೂಟರ್‌ನಲ್ಲೇ ನೆಟ್‌ವರ್ಕ್ ಕಟ್ಟಿ ನೋಡುವ ತಂತ್ರಾಂಶಗಳು) ಎರಡೇ ರೂಟರ್ ಇಟ್ಟು ಅದೇ ತೊಂದರೆಯನ್ನು ಮತ್ತೆ ಹುಟ್ಟಿಸಲು ಪ್ರಯತ್ನಿಸಿ. ಮೊದಲನೆಯ ಸಂದರ್ಭದಲ್ಲಿ ಮೌನವಾಗಿರುವುದು ತಪ್ಪು, ಎರಡನೆಯದರಲ್ಲಿ ಅವಸರಪಟ್ಟು ಕೇಳುವುದು ತಪ್ಪು. ಹೊಸಬರು ಹೆಚ್ಚಾಗಿ ಇದನ್ನು ತಿರುವುಮುರುವು ಮಾಡುತ್ತಾರೆ.

ಕೇಳದೆ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಟ್ರಂಕ್ ಪೋರ್ಟ್‌ಗಿಂತ ಒಳ್ಳೆಯ ಉದಾಹರಣೆ ಬೇಡ. ವಿಲ್ಯಾನ್ ಅಂದರೆ ಒಂದೇ ಸ್ವಿಚ್‌ನೊಳಗೆ ಬೇರ್ಪಡಿಸಿದ ನೆಟ್‌ವರ್ಕ್, ಟ್ರಂಕ್ ಅಂದರೆ ಹಲವು ವಿಲ್ಯಾನ್‌ಗಳನ್ನು ಒಟ್ಟಿಗೆ ಸಾಗಿಸುವ ಪೋರ್ಟ್. ಸಿಸ್ಕೋ ಸ್ವಿಚ್‌ನ ಟ್ರಂಕ್‌ನಲ್ಲಿ ವಿಲ್ಯಾನ್ 10 ಮತ್ತು 20 ಹರಿಯುತ್ತಿವೆ, 30 ಸೇರಿಸಬೇಕು. ‘ಸ್ವಿಚ್‌ಪೋರ್ಟ್ ಟ್ರಂಕ್ ಅಲೌಡ್ ವಿಲ್ಯಾನ್ 30’ ಎಂದು ಹೊಡೆದರೆ ಪಟ್ಟಿಗೆ 30 ಸೇರುವುದಿಲ್ಲ, ಇಡೀ ಪಟ್ಟಿ ಹೋಗಿ 30 ಒಂದೇ ಉಳಿಯುತ್ತದೆ. ಸಂಖ್ಯೆಗೆ ಮೊದಲು ‘ಆಡ್’ ಎಂಬ ಪದ ಇರಬೇಕಿತ್ತು. ಮ್ಯಾನೇಜ್‌ಮೆಂಟ್ ವಿಲ್ಯಾನ್ 10 ಆಗಿದ್ದರೆ, ದೂರದಿಂದ ಸ್ವಿಚ್‌ಗೆ ಲಾಗಿನ್ ಆಗಿದ್ದ ನಿಮ್ಮ ಎಸ್‌ಎಸ್‌ಎಚ್ ಸಂಪರ್ಕವೂ ಅಲ್ಲಿಗೇ ಕಡಿಯಿತು. ಹೊಡೆಯುವ ಮುನ್ನ ಕಮಾಂಡನ್ನು ಸಹೋದ್ಯೋಗಿಗೆ ಕಳಿಸಿ ‘ಒಮ್ಮೆ ನೋಡುತ್ತೀರಾ’ ಎಂದಿದ್ದರೆ ಅರ್ಧ ನಿಮಿಷದ ಮಾತು. ನೋಡುವವರು ಯಾರೂ ಇಲ್ಲದಿದ್ದರೆ ಮೊದಲು ‘ರೀಲೋಡ್ ಇನ್ 10’ ಕೊಟ್ಟಿರಿ, ಬದಲಾವಣೆ ಸರಿಯಾದ ಮೇಲೆ ‘ರೀಲೋಡ್ ಕ್ಯಾನ್ಸಲ್’. ಸಂಪರ್ಕ ಕಡಿದರೆ ಹತ್ತು ನಿಮಿಷದಲ್ಲಿ ಸಾಧನ ತಾನಾಗಿ ಹಳೆಯ ಕಾನ್ಫಿಗ್‌ಗೆ ಮರಳುತ್ತದೆ, ಆದರೆ ನಡುವೆ ಸೇವ್ ಮಾಡಿದ್ದರೆ ಮರಳುವುದಿಲ್ಲ. ಇಡೀ ನೆಟ್‌ವರ್ಕ್‌ಗೆ ಆಧಾರವಾದ ಕೋರ್ ಸ್ವಿಚ್‌ನಲ್ಲಿ ಈ ಉಪಾಯ ಬೇಡ, ರೀಲೋಡೇ ದೊಡ್ಡ ಅವಘಡವಾಗುತ್ತದೆ.

ಇನ್ನು ಪ್ರಶ್ನೆಯ ಒಳಗೇನಿರಬೇಕು ಎಂಬುದು. ಒಎಸ್‌ಪಿಎಫ್ ಅಂದರೆ ರೂಟರ್‌ಗಳು ದಾರಿಗಳನ್ನು ಪರಸ್ಪರ ತಿಳಿಸಿಕೊಳ್ಳುವ ಪ್ರೋಟೋಕಾಲ್. ‘ಒಎಸ್‌ಪಿಎಫ್ ಬರುತ್ತಿಲ್ಲ, ಸಹಾಯ ಮಾಡಿ’ ಎನ್ನುವುದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ನೇಬರ್ (ಪಕ್ಕದ ರೂಟರ್) ಯಾವ ಸ್ಥಿತಿಯಲ್ಲಿ ನಿಂತಿದೆ, ನಡುವೆ ಏನಿದೆ, ಕೊನೆಯ ಬಾರಿ ಯಾವಾಗ ಸರಿಯಿತ್ತು, ಆಮೇಲೆ ಏನು ಬದಲಾಯಿತು, ಇಷ್ಟನ್ನೂ ಬರೆಯಿರಿ. ಸಾಧನದ ಮಾದರಿ, ಸಾಫ್ಟ್‌ವೇರ್ ಆವೃತ್ತಿ, ಎರಡೂ ಕಡೆಯ ‘ಶೋ’ ಕಮಾಂಡ್‌ಗಳ ಔಟ್‌ಪುಟ್ ಇರಲಿ. ಅದು ಪಠ್ಯವಾಗಿರಲಿ, ಸ್ಕ್ರೀನ್‌ಶಾಟ್ ಬೇಡ. ಲಾಗ್‌ನ ಸಮಯವನ್ನು ಯುಟಿಸಿಯಲ್ಲಿ (ಜಾಗತಿಕ ಪ್ರಮಾಣಿತ ಸಮಯ) ಕೊಡಿ, ಉತ್ತರಿಸುವವರು ಯಾವ ದೇಶದಲ್ಲಿ ಕುಳಿತಿರುತ್ತಾರೋ ಹೇಳಲಾಗದು.

‘ಎರಡೂ ಕಡೆಯ’ ಎಂಬ ಮಾತನ್ನು ಒತ್ತಿ ಹೇಳುತ್ತೇನೆ. ನೇಬರ್ ಎಕ್ಸ್‌ಸ್ಟಾರ್ಟ್‌ನಲ್ಲಿ (ಮಾಹಿತಿ ವಿನಿಮಯ ಶುರುವಾಗುವ ಹಂತ) ಸಿಕ್ಕಿಕೊಂಡಿದ್ದರೆ ಸಾಮಾನ್ಯ ಕಾರಣ ಎಂಟಿಯು (ಪ್ಯಾಕೆಟ್‌ನ ಗರಿಷ್ಠ ಅಳತೆ, ಬೈಟ್‌ಗಳಲ್ಲಿ) ವ್ಯತ್ಯಾಸ, ಒಂದು ಕಡೆ 1500, ಇನ್ನೊಂದು ಕಡೆ 9000. ಕೇಳಲೆಂದು ಎರಡು ಔಟ್‌ಪುಟ್ ಪಕ್ಕಪಕ್ಕ ಇಟ್ಟಾಗಲೇ ಅದು ಕಣ್ಣಿಗೆ ಬೀಳುತ್ತದೆ, ಕೇಳುವ ಅಗತ್ಯವೇ ಉಳಿಯುವುದಿಲ್ಲ. ಯಾರಾದರೂ ‘ಎಂಟಿಯು ಇಗ್ನೋರ್ ಹಾಕಿಬಿಡಿ’ ಅಂದರೆ ಒಪ್ಪಬೇಡಿ. ನೇಬರ್ ಮೇಲೆ ಬರುತ್ತದೆ, ಆದರೆ ದೊಡ್ಡ ಪ್ಯಾಕೆಟ್‌ಗಳು ದಾರಿಯಲ್ಲೇ ಕಳೆದುಹೋಗಬಹುದು. ಪಿಂಗ್ ಹೋಗುತ್ತದೆ, ಫೈಲ್ ವರ್ಗಾವಣೆ ನಿಲ್ಲುತ್ತದೆ, ಆಗ ಕಾರಣ ಹುಡುಕುವುದು ಇನ್ನೂ ಕಷ್ಟ. ಡಿಎಫ್ ಬಿಟ್ (ಪ್ಯಾಕೆಟನ್ನು ಒಡೆಯಬೇಡಿ ಎಂಬ ಗುರುತು) ಹಾಕಿ ಪಿಂಗ್ ಮಾಡಿದ್ದರೆ ಯಾವ ಯಂತ್ರದಿಂದ ಎಂದೂ ಬರೆಯಿರಿ. ಸಿಸ್ಕೋ ಐಒಎಸ್‌ನಲ್ಲಿ ಕೊಡುವ ಅಳತೆಯಲ್ಲಿ ಹೆಡರ್‌ಗಳೂ ಸೇರಿರುತ್ತವೆ, ಹಾಗಾಗಿ 1500ರ ಎಂಟಿಯು ಪರೀಕ್ಷಿಸಲು ಕೊಡಬೇಕಾದದ್ದು 1500. ಲಿನಕ್ಸ್ ಮತ್ತು ವಿಂಡೋಸ್‌ನಲ್ಲಿ ಡೇಟಾ ಮಾತ್ರ, ಹಾಗಾಗಿ 1472. ಅದಕ್ಕೆ ಐಸಿಎಂಪಿ (ಪಿಂಗ್ ಬಳಸುವ ಪ್ರೋಟೋಕಾಲ್) ಹೆಡರ್‌ನ 8, ಐಪಿ ಹೆಡರ್‌ನ 20 ಬೈಟ್ ಸೇರಿದರೆ ಅದೇ 1500.

ಹೊರಗಿನವರನ್ನು ಕೇಳುವಾಗ ಒಂದು ಎಚ್ಚರಿಕೆಯನ್ನು ಮರೆಯಬಾರದು. ನಿಮ್ಮ ವಾಸದ ಪರವಾನಗಿ ಈ ಕೆಲಸಕ್ಕೇ ಕಟ್ಟಿಕೊಂಡಿದ್ದರೆ ಕಂಪನಿಯ ಕಾನ್ಫಿಗ್ ಹೊರಗೆ ಹಾಕಿದ ತಪ್ಪು ಕೆಲಸಕ್ಕಷ್ಟೇ ನಿಲ್ಲುವುದಿಲ್ಲ. ಮ್ಯಾನೇಜರ್‌ರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಪಾಸ್‌ವರ್ಡ್, ಎಸ್‌ಎನ್‌ಎಂಪಿ ಕಮ್ಯುನಿಟಿ, ಬಿಜಿಪಿ ಕೀ, ಟ್ಯಾಕ್ಯಾಕ್ಸ್ ಕೀ ಮುಂತಾದ ಗುಪ್ತಪದಗಳು, ಸಾಧನಗಳ ಹೆಸರು ಎಲ್ಲ ತೆಗೆಯಿರಿ. ಸಿಸ್ಕೋ ಕಾನ್ಫಿಗ್‌ನ ‘ಟೈಪ್ 7’ ಪಾಸ್‌ವರ್ಡ್ ಗೂಢವಾಗಿ ಕಂಡರೂ ಕ್ಷಣದಲ್ಲಿ ಬಿಡಿಸಬಹುದಾದದ್ದು. ವಿಳಾಸಗಳ ಜಾಗದಲ್ಲಿ ಬರೀ ಚುಕ್ಕಿ ಇಟ್ಟರೆ ಸಬ್‌ನೆಟ್ ತಿಳಿಯದೆ ಯಾರಿಂದಲೂ ಉತ್ತರ ಬರುವುದಿಲ್ಲ. ಬದಲಿಗೆ, ದಾಖಲೆಗಳಿಗೆಂದೇ ಮೀಸಲಾದ 192.0.2.0/24, 198.51.100.0/24, 203.0.113.0/24 ಬಳಸಿ. ಎಎಸ್ ಸಂಖ್ಯೆಗಳಿಗೆ (ಬಿಜಿಪಿಯಲ್ಲಿ ಒಂದೊಂದು ಸಂಸ್ಥೆಯ ನೆಟ್‌ವರ್ಕನ್ನು ಗುರುತಿಸುವ ಸಂಖ್ಯೆ) 64496ರಿಂದ 64511. ಒಂದು ವಿಳಾಸವನ್ನು ಒಂದು ಕಡೆ ಬದಲಿಸಿದರೆ ಎಲ್ಲ ಕಡೆಯೂ ಹಾಗೆಯೇ ಬದಲಿಸಿ.

ತಯಾರಕರ ಬೆಂಬಲ ಒಪ್ಪಂದವಿದ್ದರೆ ಅಲ್ಲಿ ಕೇಸ್ ತೆರೆಯಲು ಸಂಕೋಚವೇ ಬೇಡ, ಕಂಪನಿ ಅದಕ್ಕೆಂದೇ ಹಣ ಕಟ್ಟಿರುತ್ತದೆ. ಸೀರಿಯಲ್ ಸಂಖ್ಯೆ ಮತ್ತು ಸಾಧನದ ಸ್ಥಿತಿಯನ್ನೆಲ್ಲ ತೋರಿಸುವ ‘ಶೋ ಟೆಕ್-ಸಪೋರ್ಟ್’ ಕಮಾಂಡ್‌ನ ಔಟ್‌ಪುಟ್ ಸಿದ್ಧವಿರಲಿ. ಅದನ್ನು ರೀಲೋಡ್ ಮಾಡುವ ಮೊದಲೇ ತೆಗೆದಿಟ್ಟುಕೊಳ್ಳಬೇಕು, ಮೆಮೊರಿಯಲ್ಲಿದ್ದ ಲಾಗ್ ರೀಲೋಡ್ ಆದ ಮೇಲೆ ಉಳಿಯುವುದಿಲ್ಲ. ನೆಟ್‌ವರ್ಕ್ ಪೂರ್ತಿ ಬಿದ್ದಿದ್ದರೆ ವೆಬ್‌ನಲ್ಲಿ ಬರೆದು ಕಾಯಬೇಡಿ, ಫೋನ್ ಮಾಡಿ.

ಹೊಸ ಉಚ್ಚಾರಣೆಗೆ ಕಿವಿ ಒಗ್ಗುವವರೆಗೆ ಕಾಲ್‌ನಲ್ಲಿ ಅರ್ಧ ಮಾತು ತಪ್ಪಿಹೋಗುವುದು ಸಹಜ. ಅರ್ಥವಾಗದೆ ‘ಆಯಿತು’ ಅನ್ನಬೇಡಿ. ‘ಈ ಸ್ವಿಚ್, ಈ ಪೋರ್ಟ್, ಈ ಕಮಾಂಡ್, ಸರಿಯೇ?’ ಎಂದು ಚಾಟ್‌ನಲ್ಲಿ ಬರೆದು, ‘ಹೌದು’ ಎಂಬ ಉತ್ತರ ಬಂದ ಮೇಲೆಯೇ ಎಂಟರ್ ಒತ್ತಿ. ತೊಂದರೆ ಬಗೆಹರಿದ ದಿನವೇ ಕಾರಣವನ್ನೂ ಸರಿಪಡಿಸಿದ ಕಮಾಂಡನ್ನೂ ಎರಡು ಸಾಲಿನಲ್ಲಿ, ಕೇಳಿದ ಜಾಗದಲ್ಲೇ ಬರೆಯಿರಿ.