ತರಬೇತಿಗೆ ಹೋದರೆ ಮೆಕ್ಕೆಜೋಳ ಜಾಸ್ತಿ ಬರುತ್ತಾ?

ಜಗಳೂರು ತಾಲ್ಲೂಕಿನ ರೈತರೊಬ್ಬರು ಕೇಳಿದ್ದಾರೆ: ‘ನನಗಿರುವುದು ಎರಡೂವರೆ ಎಕರೆ ಮಳೆ ಆಶ್ರಯದ ಹೊಲ. ಮೆಕ್ಕೆಜೋಳದ ತರಬೇತಿಗೆ ಬನ್ನಿ ಅಂತ ಕರೆಯುತ್ತಾರೆ. ಒಂದು ದಿನದ ಕೆಲಸ ಬಿಟ್ಟು ಹೋದರೆ ಇಳುವರಿ ನಿಜವಾಗ್ಲೂ ಜಾಸ್ತಿ ಆಗುತ್ತಾ?’

ಆಗುತ್ತದೆ, ತರಬೇತಿ ಹೊಲದಲ್ಲಿ ನಡೆದರೆ. ಕುರ್ಚಿ ಹಾಕಿ ಕೂರಿಸಿ, ಪರದೆ ಮೇಲೆ ಚಿತ್ರ ತೋರಿಸಿ, ಊಟ ಹಾಕಿ ಕಳಿಸಿದರೆ ನಿಮ್ಮ ಹೊಲಕ್ಕೆ ಬರುವುದು ಕಡಿಮೆ. 1989ರಲ್ಲಿ ಇಂಡೋನೇಷ್ಯಾದ ಭತ್ತದ ಗದ್ದೆಗಳಲ್ಲಿ ರೈತರಿಗೆ ಹೊಲದಲ್ಲೇ ಪಾಠ ಶುರುವಾದಾಗ ಕ್ರಮ ಇದಾಗಿತ್ತು: ಬೆಳೆ ಮುಗಿಯುವ ತನಕ ವಾರ ವಾರ ಗದ್ದೆಗೆ ಇಳಿದು ನೋಡುವುದು.

ಮೆಕ್ಕೆಜೋಳದ ಸುಳಿ ತಿನ್ನುವ ಫಾಲ್ ಸೈನಿಕ ಹುಳುವನ್ನೇ ತಗೊಳ್ಳಿ. ಈ ಹೊಸ ಹುಳು ದೇಶದಲ್ಲಿ ಮೊದಲು ಪತ್ತೆಯಾದದ್ದು 2018ರಲ್ಲಿ, ನಮ್ಮ ಪಕ್ಕದ ಶಿವಮೊಗ್ಗದಲ್ಲಿ. ಮರಿಹುಳು ಎಲೆಯ ಹಸಿರನ್ನಷ್ಟೇ ಕೆರೆದು ತಿನ್ನುತ್ತದೆ, ತೆಳ್ಳನೆಯ ಬಿಳಿ ಪೊರೆ ಉಳಿಯುತ್ತದೆ. ಔಷಧಿ ಹೊಡೆಯಬೇಕಾದದ್ದು ಆಗ, ಅದೂ ಸುಳಿಯೊಳಗೆ ಬೀಳುವ ಹಾಗೆ. ಸುಳಿ ತುಂಬ ಮರದ ಹೊಟ್ಟಿನಂಥ ಲದ್ದಿ ಕಂಡಿತು ಅಂದರೆ ಹುಳು ಬಲಿತಿದೆ. ಅದು ಲದ್ದಿಯ ಕೆಳಗೆ ಕೂತಿರುತ್ತದೆ, ಔಷಧಿ ಸರಿಯಾಗಿ ತಾಕುವುದಿಲ್ಲ. ಹುಳುವಿನ ಬಾಲದ ಹತ್ತಿರ ಚೌಕವಾಗಿ ನಾಲ್ಕು ಕಪ್ಪು ಚುಕ್ಕೆ ಇರುತ್ತವೆ. ಒಮ್ಮೆ ನೀವೇ ಸುಳಿ ಬಿಡಿಸಿ ನೋಡಿದರೆ ಮರೆಯುವ ಮಾತೇ ಇಲ್ಲ.

ಇನ್ನು ಗಿಡದ ಲೆಕ್ಕ. ಸಾಲಿಂದ ಸಾಲಿಗೆ ಎರಡು ಅಡಿ, ಗಿಡದಿಂದ ಗಿಡಕ್ಕೆ ಒಂದು ಅಡಿ ಬಿಟ್ಟರೆ ಎಕರೆಗೆ 21,780 ಗಿಡ. ಹತ್ತು ಅಡಿ ಸಾಲಲ್ಲಿ ಹತ್ತರ ಬದಲು ಎಂಟೇ ನಿಂತಿದ್ದರೆ ಎಕರೆಗೆ ನಾಲ್ಕು ಸಾವಿರಕ್ಕೂ ಜಾಸ್ತಿ ಗಿಡ ಇಲ್ಲ ಅಂತಲೇ ಅರ್ಥ. ತೆನೆಗೆ 100 ಗ್ರಾಂ ಕಾಳು ಹಿಡಿದರೂ ನಾಲ್ಕು ಕ್ವಿಂಟಲ್ ಹೋಯಿತು. ಪಕ್ಕದ ಗಿಡ ಸ್ವಲ್ಪ ತುಂಬಿಕೊಟ್ಟೀತು, ಪೂರ್ತಿ ಅಲ್ಲ. ಯೂರಿಯಾ ಕೂಡ ಹಾಗೇ. ನೆಲದ ಮೇಲೆ ಸುಮ್ನೆ ಎರಚಿ ಬಿಟ್ಟರೆ ಒಂದಷ್ಟು ಗಾಳಿಪಾಲು. ಹದ ಇದ್ದಾಗ ಗಿಡದ ಪಕ್ಕ ಹಾಕಿ ಎಡೆಕುಂಟೆ ಹೊಡೆದು ಮಣ್ಣು ಮುಚ್ಚಿದರೆ ಅದೇ ಚೀಲ ಜಾಸ್ತಿ ಕೆಲಸ ಮಾಡುತ್ತದೆ.

ಒಂದು ಮಾತು ನೇರವಾಗಿ ಹೇಳಬೇಕು. ಸಾಲಿಗೆ ಬೀಜ ಹಾಕುವವರು, ಗೊಬ್ಬರ ಇಡುವವರು, ಕಳೆ ತೆಗೆಯುವವರು ನಮ್ಮ ಕಡೆ ಹೆಚ್ಚಾಗಿ ಹೆಣ್ಣುಮಕ್ಕಳೇ ಅಲ್ವಾ? ತರಬೇತಿಗೆ ಕರೆ ಬರುವುದು ಮಾತ್ರ ಯಜಮಾನರಿಗೆ. ನೀವು ಹೋಗುವಾಗ ಮನೆಯವರನ್ನೂ ಕರೆದುಕೊಂಡು ಹೋಗಿ. ಕಲಿತದ್ದು ಕೈಗೆ ಬರದೆ ಇಳುವರಿ ಎಲ್ಲಿಂದ ಬರಬೇಕು?

ಮಳೆ ಕೈಕೊಟ್ಟರೆ ಯಾವ ತರಬೇತಿಯೂ ನೀರು ತರುವುದಿಲ್ಲ, ದಾವಣಗೆರೆ ಮಾರುಕಟ್ಟೆಯಲ್ಲಿ ರೇಟು ಏರಿಸುವುದೂ ಇಲ್ಲ. ತರಬೇತಿ ಪಡೆದವರ ಬೆಳೆ ಚೆನ್ನಾಗಿದ್ದರೆ ಅದೆಲ್ಲ ತರಬೇತಿಯ ಫಲ ಅನ್ನುವಂತೆಯೂ ಇಲ್ಲ, ಮೊದಲಿಂದಲೇ ಚುರುಕಾಗಿರುವವರು ತಾನೇ ಹೆಚ್ಚಾಗಿ ಹೋಗುವುದು.

ಅದಕ್ಕೇ ಈ ಮುಂಗಾರಿನಲ್ಲಿ ತರಳಬಾಳು ಕೃಷಿ ವಿಜ್ಞಾನ ಕೇಂದ್ರಕ್ಕೋ ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೋ ಹೋಗಿ, ‘ಹೊಲದಲ್ಲಿ ಮಾಡಿ ತೋರಿಸುತ್ತೀರಾ?’ ಅಂತ ಮೊದಲೇ ಕೇಳಿ. ಬಂದ ಮೇಲೆ ಅರ್ಧ ಎಕರೆ ಹೊಸ ಕ್ರಮದಲ್ಲಿ, ಅದರ ಪಕ್ಕದ ಅರ್ಧ ಎಕರೆ ನಿಮ್ಮ ಕ್ರಮದಲ್ಲಿ ಬೆಳೆಯಿರಿ. ಬೀಜ ಒಂದೇ ಇರಲಿ, ಬಿತ್ತನೆ ಒಂದೇ ದಿನ ಆಗಲಿ. ಒಕ್ಕಣೆ ಆದಾಗ ಎರಡನ್ನೂ ಬೇರೆ ಬೇರೆ ತೂಗಿ, ಖರ್ಚಿನ ಸಮೇತ ನಮಗೆ ಬರೆಯಿರಿ. ಹೆಚ್ಚು ಬಂದರೂ ಕಡಿಮೆ ಬಂದರೂ ಹಾಗೇ ಅಚ್ಚು ಹಾಕುತ್ತೇವೆ.

– ಸಂಪಾದಕ