ಕೊಳಲು ನುಡಿಸುವವರು ಸ್ವಂತ ವೆಬ್‌ಸೈಟ್ ಮಾಡಲು ಎಷ್ಟು ಕೋಡಿಂಗ್ ಕಲಿಯಬೇಕು?

ಪುಟ ಕಟ್ಟುವ ಭಾಷೆ ಎಚ್‌ಟಿಎಂಎಲ್, ಜೊತೆಗೆ ಅದಕ್ಕೆ ಬಣ್ಣ, ಅಂದ ಕೊಡುವ ಸಿಎಸ್‌ಎಸ್ ಸ್ವಲ್ಪ ಸಾಕು. ತೀರ್ಥಹಳ್ಳಿಯಲ್ಲಿ ವಯಲಿನ್ ಪಾಠ ಹೇಳುವ ನಾನು ಸಂಜೆ ಮಕ್ಕಳು ಹೋದ ಮೇಲೆ ಕೂತು ಕಲಿತೆ. ಹೆಸರು, ಒಂದು ಫೋಟೊ, ಕಛೇರಿಗೆ ಕರೆಯುವವರಿಗೆ ಫೋನ್ ನಂಬರ್ ಇದ್ದರೆ ಮೊದಲ ಪುಟ ಆಯಿತು.

ತಲೆ ಕೆಡಿಸಿಕೊಳ್ಳಬೇಕಾದ್ದು ಆಡಿಯೊ ಬಗ್ಗೆ. ಸಿಡಿ ಗುಣಮಟ್ಟದ ವೇವ್ ಫೈಲ್ ನಿಮಿಷಕ್ಕೆ ಸುಮಾರು 10 ಎಂಬಿ. ಅದನ್ನೇ ಕುಗ್ಗಿಸಿ 128 ಕೆಬಿಪಿಎಸ್ (ಸೆಕೆಂಡಿಗೆ 128 ಕಿಲೋಬಿಟ್) ಎಂಪಿ3 ಮಾಡಿದರೆ ನಿಮಿಷಕ್ಕೆ ಸುಮಾರು 1 ಎಂಬಿ. ಮಳೆಗಾಲದಲ್ಲಿ ಸಿಗ್ನಲ್‌ಗಾಗಿ ಅಂಗಳದ ತುದಿಗೆ ಹೋಗಿ ನಿಲ್ಲುವ ನಮ್ಮ ಮಲೆನಾಡಿನ ಕೇಳುಗರಿಗೆ ಇದು ದೊಡ್ಡ ವ್ಯತ್ಯಾಸ. ಪುಟದಲ್ಲಿ ಹಾಡು ಸೇರಿಸುವ ಎಚ್‌ಟಿಎಂಎಲ್ ಆಡಿಯೊ ಟ್ಯಾಗ್‌ನಲ್ಲಿ ಪ್ರೀಲೋಡ್ (ಮೊದಲೇ ಇಳಿಸಿಕೊಳ್ಳುವುದು) ಬೇಡವೆಂದು ಬರೆದರೆ, ಪ್ಲೇ ಒತ್ತುವ ತನಕ ಸಾಮಾನ್ಯವಾಗಿ ಆಡಿಯೊಗೆ ಡೇಟಾ ಖರ್ಚಾಗದು.

ವೆಬ್ ಪುಟಗಳಿಗೆ ಇಂಟರ್ನೆಟ್‌ನಲ್ಲಿ ಜಾಗ ಕೊಡುವ ಗಿಟ್‌ಹಬ್ ಪೇಜಸ್ ಸೇವೆಯಲ್ಲಿ ಪುಟವನ್ನು ಉಚಿತವಾಗಿ ಇಡಬಹುದು. ಡೊಮೇನ್‌ಗೆ, ಅಂದರೆ ಸೈಟಿನ ಸ್ವಂತ ವಿಳಾಸಕ್ಕೆ, ಮಾತ್ರ ವರ್ಷ ವರ್ಷ ದುಡ್ಡು ಕಟ್ಟಬೇಕು. ಅದನ್ನು ಬೇರೆಯವರ ಕೈಗೆ ಕೊಡದೆ ನಿಮ್ಮ ಹೆಸರಲ್ಲೇ ನೋಂದಾಯಿಸಿ.