ಲಕ್ಷ್ಮಮ್ಮಣ್ಣಿ ಕಾದಂಬರಿ: ಬಿಟ್ಟುಹೋದ ಹದಿನೇಳು ವರ್ಷ

ಮಾನ್ಯರೇ,

ಮೈಸೂರಿನ ರಾಣಿ ಲಕ್ಷ್ಮಮ್ಮಣ್ಣಿಯವರನ್ನು ಕುರಿತ ನಿಮ್ಮ ಕಾದಂಬರಿಯ ಹಸ್ತಪ್ರತಿಯನ್ನು ಪೂರ್ತಿ ಓದಿದ್ದೇವೆ. ಈಗಿರುವ ರೂಪದಲ್ಲಿ ಪ್ರಕಟಿಸಲಾಗದು. ಆದರೆ ಕೈಬಿಡುವಂಥ ವಸ್ತುವಲ್ಲ, ಅದಕ್ಕೇ ಇಷ್ಟು ಬರೆಯುತ್ತಿದ್ದೇವೆ.

ನಾಲ್ಕನೇ ಅಧ್ಯಾಯ 1782ರ ಅಕ್ಟೋಬರಿನಲ್ಲಿ ಮುಗಿಯುತ್ತದೆ. ಹೈದರನ ಕೈಸೇರಿದ್ದ ರಾಜ್ಯವನ್ನು ಒಡೆಯರ ಮನೆತನಕ್ಕೆ ಮರಳಿಸಲು ರಾಣಿಯ ಪರವಾಗಿ ತಿರುಮಲರಾಯ ತಂಜಾವೂರಿನಲ್ಲಿ ಇಂಗ್ಲಿಷರೊಂದಿಗೆ ಒಪ್ಪಂದ ಮಾಡಿಕೊಳ್ಳುತ್ತಾನೆ. ಐದನೆಯದು "ಹದಿನೇಳು ವರ್ಷ ಉರುಳಿದವು" ಎಂದು ಶುರುವಾಗಿ ನೇರ ಟಿಪ್ಪು ಮಡಿದ 1799ಕ್ಕೆ ನೆಗೆಯುತ್ತದೆ. ಕಾದಂಬರಿ ಇರುವುದೇ ಆ ಹದಿನೇಳು ವರ್ಷದಲ್ಲಿ! 1783ರಲ್ಲಿ ಹೈದರನ ಮಗ ಟಿಪ್ಪುವಿನ ವಿರುದ್ಧ ಶ್ರೀರಂಗಪಟ್ಟಣದೊಳಗೆ ನಡೆದಿದ್ದ ಪಿತೂರಿ ಬಯಲಾಯಿತು. ಸಿಕ್ಕಿಬಿದ್ದವರಲ್ಲಿ ಅಂಚೆಯ ಉಸ್ತುವಾರಿ ಹೊತ್ತ ಶಾಮಯ್ಯನೂ ಒಬ್ಬ. ರಾಜ್ಯದ ಸುದ್ದಿಯೆಲ್ಲ ಯಾರ ಕೈಯಲ್ಲಿ ಹಾಯುತ್ತಿತ್ತೋ ಅವನೇ ಸೆರೆಯಾದ ರಾತ್ರಿ, ಅದೇ ಕೋಟೆಯೊಳಗೆ ರಾಣಿ ಇದ್ದರು. ಮರುವರ್ಷ ಇಂಗ್ಲಿಷರು ಟಿಪ್ಪುವಿನ ಜತೆಗೇ ಮಂಗಳೂರಿನಲ್ಲಿ ಸಂಧಿ ಮಾಡಿಕೊಂಡರು. 1792ರಲ್ಲಿ ಅರ್ಧ ರಾಜ್ಯ ಕಿತ್ತುಕೊಂಡರೂ ಗದ್ದುಗೆ ಅವನಿಗೇ ಬಿಟ್ಟರು. 1796ರಲ್ಲಿ ಹೆಸರಿಗಷ್ಟೇ ಅರಸರಾಗಿದ್ದ ಖಾಸಾ ಚಾಮರಾಜ ಒಡೆಯರು ತೀರಿಕೊಂಡ ಮೇಲೆ ಯಾರಿಗೂ ಪಟ್ಟವಾಗಲಿಲ್ಲ, ರಾಜಮನೆತನ ಅರಮನೆಯನ್ನೇ ಬಿಡಬೇಕಾಯಿತು. ಇದರಲ್ಲಿ ಒಂದೂ ನಿಮ್ಮ ಪುಟಗಳಲ್ಲಿಲ್ಲ.

ಪತ್ರದ ದೃಶ್ಯವನ್ನು ನೋಡಿ. "ನಡುಗುವ ಕೈಯಿಂದ ರಾಣಿ ಓಲೆ ಬರೆದಳು, ಬೆಳಗಾಗುವಷ್ಟರಲ್ಲಿ ಅದು ತಂಜಾವೂರು ಸೇರಿತ್ತು" ಎಂದಿದ್ದೀರಿ. ಘಟ್ಟ ಇಳಿದು ಮುನ್ನೂರು ಕಿಲೋಮೀಟರಿಗೂ ಮಿಕ್ಕ ದಾರಿ, ರಾತ್ರಿ ಬೆಳಗಾಗುವುದರಲ್ಲಿ ಮುಗಿಯದು. ಪತ್ರ ಒಯ್ದವರು ಯಾರು, ಎಲ್ಲಿ ಬಚ್ಚಿಟ್ಟರು, ಕಾವಲುಗಾರ ತಡೆದರೆ ಏನು ನೆಪ ಹೇಳುತ್ತಾರೆ, ಉತ್ತರ ಬಾರದ ದಿನಗಳಲ್ಲಿ ರಾಣಿ ಯಾರ ಮುಖ ನೋಡಿ ಏನು ಊಹಿಸುತ್ತಾರೆ, ಇಷ್ಟನ್ನು ಬರೆಯಿರಿ. ಕೈ ನಡುಗಿತೆಂದು ಬೇರೆ ಹೇಳಬೇಕಾಗುವುದಿಲ್ಲ.

ಪಟ್ಟಾಭಿಷೇಕವನ್ನು ಅಂಬಾವಿಲಾಸದಲ್ಲಿ ನಡೆಸಿದ್ದೀರಿ. ಈಗ ನಾವು ನೋಡುವ ಅಂಬಾವಿಲಾಸ ಸಭಾಂಗಣ 1912ರಲ್ಲಿ ಮುಗಿದ ಮೈಸೂರು ಅರಮನೆಯದು. 1799ರ ಜೂನ್ 30ರಂದು ಇನ್ನೂ ಐದು ತುಂಬದ ಮುಮ್ಮಡಿ ಕೃಷ್ಣರಾಜರಿಗೆ ಪಟ್ಟ ಕಟ್ಟಿದ್ದು ಮೈಸೂರಿನ ಲಕ್ಷ್ಮೀರಮಣಸ್ವಾಮಿ ದೇವಸ್ಥಾನದ ಬಳಿ ಹಾಕಿದ್ದ ಚಪ್ಪರದಲ್ಲಿ. ಅರಮನೆಯಿಲ್ಲದ ಅರಸೊತ್ತಿಗೆಗೆ ಚಪ್ಪರವೇ ಗತಿಯಾದದ್ದು ನಿಮ್ಮ ಕಥೆಗೆ ಹೆಚ್ಚು ಒಪ್ಪುತ್ತದೆ. ಕೊನೆಯ ಅಧ್ಯಾಯದಲ್ಲಿ ಬರೀ ಸಂಭ್ರಮ ತುಂಬಿದ್ದೀರಿ. ದಿವಾನಗಿರಿ ಸಿಕ್ಕಿದ್ದು ರಾಣಿಗಾಗಿ ಇಷ್ಟು ವರ್ಷ ಓಡಾಡಿದ ತಿರುಮಲರಾಯನಿಗಲ್ಲ, ಟಿಪ್ಪುವಿನ ಆಡಳಿತದಲ್ಲೇ ಇದ್ದ ಪೂರ್ಣಯ್ಯನಿಗೆ. ಆ ಒಗರು ಓದುಗರ ನಾಲಿಗೆಗೆ ಹತ್ತಲಿ.

ಮೊದಲು 1783ರ ಅಧ್ಯಾಯವೊಂದನ್ನೇ ಬರೆದು ಕಳಿಸಿ. ಉಳಿದದ್ದನ್ನು ಅದಾದ ಮೇಲೆ ಮಾತಾಡೋಣ.

ಇತಿ,
ಸಂಪಾದಕರು